ಬಾತ್‌ಟಬ್ ಇಲ್ಲದೆ ಬಾತ್ ಸಾಲ್ಟ್: ಬೇಸಿನ್, ಬಕೆಟ್, ಶವರ್‌ಗಳಲ್ಲಿ ಬಳಸುವ ಬಗೆ

ಬಾತ್ ಸಾಲ್ಟ್ ಪೊಟ್ಟಣದ ಹಿಂದಿರುವ ಅಳತೆ ಬಾತ್‌ಟಬ್ ಇದ್ದವರಿಗಾಗಿ ಬರೆದದ್ದು. "ಎರಡು ಕಪ್ ಹಾಕಿ" ಎಂದಿದೆಯಲ್ಲ ಎಂದು ಅಷ್ಟನ್ನೂ ಒಂದು ಬಕೆಟ್ಟಿಗೆ ಸುರಿದರೆ ಆ ನೀರು ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟು ಗಾಢವಾಗುತ್ತದೆ. ಮೈ ಒಣಗಿದ ಮೇಲೆ ಚರ್ಮ ಬಿಗಿದು ನವೆ ಶುರುವಾಗುತ್ತದೆ. ಇನ್ನು ಕೆಲವರು ಹೆದರಿ ಒಂದು ಚಿಟಿಕೆ ಹಾಕುತ್ತಾರೆ; ಅದಕ್ಕೂ ಬರಿ ನೀರಿಗೂ ವ್ಯತ್ಯಾಸವೇ ಇರುವುದಿಲ್ಲ. ಟಬ್ ಇಲ್ಲದಿರುವುದು ದೊಡ್ಡ ಕೊರತೆಯೇನಲ್ಲ. ಆದರೆ ನೀರು ಕಡಿಮೆಯಾದಾಗ ಎರಡು ಸಂಗತಿ ಬದಲಾಗುತ್ತವೆ: ಉಪ್ಪು ಕಡಿಮೆ ಸಾಕು, ಮತ್ತು ನೀರು ಬಹಳ ಬೇಗ ಆರುತ್ತದೆ. ಈ ಎರಡನ್ನು ನಿಭಾಯಿಸಿದರೆ ಉಳಿದದ್ದು ಸುಲಭ.

ಮೊದಲು ಲೆಕ್ಕ

ಸಾಮಾನ್ಯ ಬಾತ್‌ಟಬ್ಬಿನಲ್ಲಿ ಸ್ನಾನಕ್ಕೆ ತುಂಬುವ ನೀರು ಸುಮಾರು 150 ಲೀಟರ್. ಅದಕ್ಕೆ ಹಾಕುವ ಉಪ್ಪು 300ರಿಂದ 500 ಗ್ರಾಂ. ಅಂದರೆ ಲೀಟರಿಗೆ 2–3 ಗ್ರಾಂ, ಅಷ್ಟೇ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ, ಟಬ್ಬಿನ ನೀರು ಎಷ್ಟು ತೆಳು ಎಂದು ತಿಳಿಯುತ್ತದೆ.

ಟಬ್ ಇಲ್ಲದಾಗ ಕೆಳಗಿನ ಪ್ರಮಾಣ ಹಿಡಿದುಕೊಳ್ಳಿ:

- ಇಡೀ ಮೈಗೆ ಬಕೆಟ್ ನೀರು: ಲೀಟರಿಗೆ 2–3 ಗ್ರಾಂ
- ಕೈಗಳಿಗೆ: ಲೀಟರಿಗೆ 5 ಗ್ರಾಂ
- ಪಾದಗಳಿಗೆ: ಲೀಟರಿಗೆ 10 ಗ್ರಾಂ, ಹೆಚ್ಚೆಂದರೆ 15
- ಅದ್ದಿ ಹಿಂಡಿ ಹಾಕುವ ಬಿಸಿ ಬಟ್ಟೆಗೆ: ಲೀಟರಿಗೆ 10–15 ಗ್ರಾಂ

ಪಾದಕ್ಕೆ ಯಾಕೆ ಹೆಚ್ಚು? ಅಂಗಾಲಿನ ಚರ್ಮ ದಪ್ಪ, ತಡೆದುಕೊಳ್ಳುತ್ತದೆ. ಹೊಟ್ಟೆ, ಕಂಕುಳು, ತೊಡೆಸಂದಿನ ಚರ್ಮ ಹಾಗಲ್ಲ.

ಅಡುಗೆಮನೆಯ ತಕ್ಕಡಿ ಇದ್ದರೆ ತೂಗಿಯೇ ಹಾಕಿ. ಇಲ್ಲದಿದ್ದರೆ ಅಳತೆಯ ಟೇಬಲ್ ಚಮಚದ ತುಂಬ ಸಮವಾಗಿ ತೆಗೆದ ಹರಳು ಸುಮಾರು 15 ಗ್ರಾಂ ಎಂದಿಟ್ಟುಕೊಳ್ಳಿ. ನುಣ್ಣಗಿನ ಪುಡಿಯುಪ್ಪು ಚಮಚದಲ್ಲಿ ಒತ್ತಾಗಿ ಕೂರುವುದರಿಂದ ಅದು 18 ಗ್ರಾಂವರೆಗೂ ತೂಗುತ್ತದೆ. ನೀರಿನ ಅಳತೆ ಗೊತ್ತಿಲ್ಲದಿದ್ದರೆ ಒಂದು ಲೀಟರ್ ಬಾಟಲಿಯಿಂದ ಬೇಸಿನ್ನಿಗೆ ನೀರು ಸುರಿದು, ಬೇಕಾದ ಮಟ್ಟದಲ್ಲಿ ಹೊರಗಿನಿಂದ ಒಂದು ಗುರುತು ಹಾಕಿಬಿಡಿ. ಒಮ್ಮೆ ಮಾಡಿದರೆ ಆಯಿತು.

ಯಾವ ಉಪ್ಪು

ಪೊಟ್ಟಣದ ಮೇಲಿನ ಹೆಸರು ಎಷ್ಟೇ ಚಂದವಿರಲಿ, ಒಳಗಿರುವುದು ಈ ಕೆಲವೇ ವಸ್ತುಗಳಲ್ಲಿ ಯಾವುದಾದರೂ ಒಂದು, ಇಲ್ಲವೇ ಇವುಗಳ ಮಿಶ್ರಣ.

ಎಪ್ಸಮ್ ಸಾಲ್ಟ್ ಎಂದರೆ ಮೆಗ್ನೀಸಿಯಮ್ ಸಲ್ಫೇಟ್. ಇಂಗ್ಲೆಂಡಿನ ಎಪ್ಸಮ್ ಊರಿನ ಕಹಿನೀರಿನ ಚಿಲುಮೆಯಿಂದ ಈ ಹೆಸರು. ಹರಳಿನ ಅರ್ಧಕ್ಕಿಂತ ತುಸು ಹೆಚ್ಚು ತೂಕ ಅದರೊಳಗೇ ಸೇರಿಕೊಂಡ ನೀರು. ತಣ್ಣೀರಲ್ಲೂ ಚೆನ್ನಾಗಿ ಕರಗುತ್ತದೆ, ಬೆಲೆ ಕಡಿಮೆ, ಲೋಹವನ್ನು ಅಡುಗೆ ಉಪ್ಪಿನಷ್ಟು ತಿನ್ನುವುದಿಲ್ಲ. ಹೊಸಬರಿಗೆ ಇದೇ ಸಾಕು.

ಸಮುದ್ರದ ಉಪ್ಪು, ಕಲ್ಲುಪ್ಪು, ಹಿಮಾಲಯದ ಗುಲಾಬಿ ಉಪ್ಪು ಇವೆಲ್ಲ ಬಹುಪಾಲು ಸೋಡಿಯಮ್ ಕ್ಲೋರೈಡ್. ಗುಲಾಬಿ ಬಣ್ಣ ಕಬ್ಬಿಣದ ಅಂಶದ್ದು. ನೀರಿಗೆ ಹಾಕಿದ ಮೇಲೆ ಅದು ಮಾಡುವ ಕೆಲಸ ಬಿಳಿ ಉಪ್ಪಿನದ್ದೇ. ಸ್ನಾನಕ್ಕಾಗಿ ಅದಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೃತ ಸಮುದ್ರದ ಉಪ್ಪು ಬೇರೆ ಜಾತಿ. ಅದರಲ್ಲಿ ಮೆಗ್ನೀಸಿಯಮ್ ಕ್ಲೋರೈಡ್ ಹೆಚ್ಚು, ಹಾಗಾಗಿ ಗಾಳಿಯ ತೇವವನ್ನು ಎಳೆದುಕೊಂಡು ಬೇಗ ಒದ್ದೆಯಾಗುತ್ತದೆ. ಚರ್ಮಕ್ಕೆ ಉಪಯೋಗ ತೋರಿಸಿದ ಪ್ರಯೋಗವೊಂದು ಇದರ ಮೇಲೆಯೇ ನಡೆದಿದೆ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಣಚರ್ಮದ ತೊಂದರೆ ಇದ್ದವರು ಒಂದು ಮುಂಗೈಯನ್ನು ಶೇ. 5ರಷ್ಟು ಈ ಉಪ್ಪು ಕರಗಿಸಿದ ನೀರಿನಲ್ಲಿ, ಇನ್ನೊಂದನ್ನು ಬರಿ ನಲ್ಲಿ ನೀರಿನಲ್ಲಿ 15 ನಿಮಿಷ ಇಟ್ಟಿದ್ದರು. ಉಪ್ಪುನೀರಿನ ಕೈಯ ಚರ್ಮ ತೇವವನ್ನು ಚೆನ್ನಾಗಿ ಹಿಡಿದುಕೊಂಡಿತು. ಗಮನಿಸಿ, ಅಲ್ಲೂ ಟಬ್ ಇರಲಿಲ್ಲ, ನೆನೆಸಿದ್ದು ಬರೀ ಕೈ.

ಅಡುಗೆ ಸೋಡಾ ನೀರನ್ನು ಸ್ವಲ್ಪ ಕ್ಷಾರೀಯ ಮಾಡುತ್ತದೆ, ಮುಟ್ಟಿದರೆ ಜಾರುವಂತೆ ನುಣುಪು ಅನ್ನಿಸುತ್ತದೆ. ಒಟ್ಟು ಮಿಶ್ರಣದ ಆರನೇ ಒಂದು ಪಾಲಿಗಿಂತ ಹೆಚ್ಚು ಬೇಡ, ಏಕೆಂದರೆ ಚರ್ಮ ಸಹಜವಾಗಿ ತುಸು ಆಮ್ಲೀಯ. ಒಂದು ಎಚ್ಚರಿಕೆ: ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬೇರೆ. ಅದು ಚರ್ಮವನ್ನು ಸುಡುವಷ್ಟು ತೀಕ್ಷ್ಣ. ಎರಡೂ ಬಿಳಿ ಪುಡಿ, ಡಬ್ಬಿಯ ಮೇಲೆ ಹೆಸರು ಬರೆದಿಡಿ.

ಇನ್ನು ಎಪ್ಸಮ್ ನೀರಲ್ಲಿ ಕೂತರೆ ಮೆಗ್ನೀಸಿಯಮ್ ಚರ್ಮದ ಮೂಲಕ ಒಳಗಿಳಿದು ಸ್ನಾಯುನೋವು ವಾಸಿಯಾಗುತ್ತದೆ ಎಂಬ ಮಾತು. ಇದಕ್ಕೆ ಗಟ್ಟಿ ಪುರಾವೆ ಇಲ್ಲ. ಹಿತ ಅನ್ನಿಸುವುದು ನಿಜ, ಆದರೆ ಅದರ ದೊಡ್ಡ ಪಾಲು ಬಿಸಿಯದ್ದು. ಅದಕ್ಕೇ ಈ ಲೇಖನದಲ್ಲಿ ಉಪ್ಪಿಗಿಂತ ನೀರಿನ ಹದದ ಬಗ್ಗೆ ಹೆಚ್ಚು ಬರೆದಿದ್ದೇವೆ.

ಪಾದಸ್ನಾನ: ಇದ್ದುದರಲ್ಲಿ ಉತ್ತಮ

ಒಂದೇ ವಿಧಾನ ಆರಿಸಿಕೊಳ್ಳಿ ಎಂದರೆ ಇದನ್ನು ಆರಿಸಿಕೊಳ್ಳಿ. ಪಾದಗಳಲ್ಲಿ ರಕ್ತನಾಳಗಳು ಚರ್ಮಕ್ಕೆ ಬಹಳ ಹತ್ತಿರ. ಪಾದ ಬೆಚ್ಚಗಾದರೆ ಅವು ಹಿಗ್ಗುತ್ತವೆ, ರಕ್ತ ಬಿಸಿಯನ್ನು ಮೈಯೆಲ್ಲ ಒಯ್ಯುತ್ತದೆ. ಆಮೇಲೆ ಅದೇ ಹಿಗ್ಗಿದ ನಾಳಗಳ ಮೂಲಕ ದೇಹದ ಒಳಗಿನ ಶಾಖ ಹೊರಹೋಗುತ್ತದೆ. ನಿದ್ದೆ ಹತ್ತುವುದಕ್ಕೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಮಲಗುವುದಕ್ಕೆ 1–2 ಗಂಟೆ ಮುಂಚೆ 40–42.5 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತೇ ನಿಮಿಷ ಇದ್ದರೂ ನಿದ್ದೆ ಬೇಗ ಬರುತ್ತದೆ ಎಂದು ಕಂಡುಕೊಂಡಿತು. ಹಾಸಿಗೆಗೆ ಹೋಗುವ ಐದು ನಿಮಿಷ ಮುಂಚೆ ಮಾಡಿದರೆ ಮೈ ಇನ್ನೂ ಬಿಸಿಯಾಗಿರುತ್ತದೆ, ನಿದ್ದೆ ದೂರವಾಗಲೂಬಹುದು.

ಬೇಕಾದದ್ದು: ಎರಡೂ ಪಾದ ಒತ್ತೊತ್ತಾಗದೆ ಕೂರುವಷ್ಟು ಅಗಲದ, ಕನಿಷ್ಠ 15 ಸೆಂಟಿಮೀಟರ್ ಆಳದ ಪ್ಲಾಸ್ಟಿಕ್ ಬೇಸಿನ್, ಎರಡು ಟವೆಲ್, ನೀರಿನ ಉಷ್ಣತೆ ನೋಡುವ ಥರ್ಮಾಮೀಟರ್, ಬಿಸಿನೀರಿನ ಫ್ಲಾಸ್ಕ್ ಅಥವಾ ಮುಚ್ಚಳವಿರುವ ಪಾತ್ರೆ. ಹರಡು ಮುಳುಗಲು 6–8 ಲೀಟರ್ ನೀರು ಬೇಕು. ಮೀನಖಂಡವೂ ಬೆಚ್ಚಗಾಗಬೇಕೆಂದರೆ ಬೇಸಿನ್ ಬಿಟ್ಟು ಎರಡು ಬಕೆಟ್ ಇಟ್ಟುಕೊಳ್ಳಿ, ಒಂದೊಂದು ಕಾಲಿಗೆ ಒಂದೊಂದು. ಇದು ನೋಡಲು ವಿಚಿತ್ರ, ಅನುಭವಕ್ಕೆ ಮಾತ್ರ ಬೇಸಿನ್ನಿಗಿಂತ ಎಷ್ಟೋ ಮೇಲು.

1. ಕೂರುವ ಜಾಗ ಮೊದಲು ಗೊತ್ತುಮಾಡಿ. ಬೆನ್ನಿಗೆ ಒರಗುವ ಕುರ್ಚಿ ಇರಲಿ, ಮಂಡಿ ಸರಿಸುಮಾರು ಲಂಬಕೋನದಲ್ಲಿ ಮಡಿಚಿಕೊಳ್ಳುವಂತಿರಲಿ. ಬೇಸಿನ್ ಕೆಳಗೆ ಒಂದು ಟವೆಲ್ ಹಾಸಿ. ತಣ್ಣನೆಯ ನೆಲ ತಳದಿಂದಲೇ ಶಾಖ ಹೀರುತ್ತದೆ. ಟವೆಲ್ ಅದನ್ನೂ ತಡೆಯುತ್ತದೆ, ಬೇಸಿನ್ ಜಾರುವುದನ್ನೂ ತಡೆಯುತ್ತದೆ.

2. ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಕುದಿಯುವ ನೀರಿಗೆ ತಣ್ಣೀರು ಬೆರೆಸುವ ಅಭ್ಯಾಸ ಬೇಡ. ಮಧ್ಯೆ ಯಾರಾದರೂ ಕಾಲಿಟ್ಟರೆ ಕತೆ ಮುಗಿಯಿತು. ನಲ್ಲಿ ನೀರು 25 ಡಿಗ್ರಿ ಇದ್ದರೆ ಒಟ್ಟು ನೀರಿನ ಐದನೇ ಒಂದು ಭಾಗ ಕುದಿನೀರು ಸೇರಿದಾಗ 40 ಡಿಗ್ರಿ ಬರುತ್ತದೆ: 8 ಲೀಟರಿಗೆ 6.4 ಲೀಟರ್ ನಲ್ಲಿ ನೀರು, 1.6 ಲೀಟರ್ ಕುದಿನೀರು. ನಲ್ಲಿ ನೀರು 20 ಡಿಗ್ರಿ ಇದ್ದರೆ ಕುದಿನೀರು ನಾಲ್ಕನೇ ಒಂದು ಭಾಗ. ಬೇಸಿನ್ ತಾನೂ ಸ್ವಲ್ಪ ಶಾಖ ತಿನ್ನುವುದರಿಂದ ಒಂದು ಡಿಗ್ರಿ ಕಡಿಮೆಯೇ ಸಿಗುತ್ತದೆ.

3. ಉಪ್ಪು ಹಾಕಿ. 8 ಲೀಟರಿಗೆ 80 ಗ್ರಾಂ, ಅಂದರೆ ಸುಮಾರು ಐದೂವರೆ ಟೇಬಲ್ ಚಮಚ. ಉದ್ದ ಹಿಡಿಯ ಚಮಚದಿಂದ ತಳ ಕೆರೆಯುವಂತೆ ಕಲಕಿ. ದಪ್ಪ ಹರಳಾದರೆ ಬಿಸಿನೀರಿನ ಪಾತ್ರೆಯಲ್ಲೇ ಮೊದಲು ಕರಗಿಸಿ ಸುರಿಯುವುದು ಮೇಲು. ಕರಗದ ಹರಳು ಅಂಗಾಲಿಗೆ ಚುಚ್ಚುತ್ತದೆ, ಹಿಮ್ಮಡಿ ಬಿರುಕಿನೊಳಗೆ ಸಿಕ್ಕರೆ ಉರಿ ತಡೆಯಲಾಗದು.

4. ಉಷ್ಣತೆ ನೋಡಿ. 38ರಿಂದ 40 ಡಿಗ್ರಿ ಹಿತ. 42ರ ಮೇಲೆ ಹೋಗಬೇಡಿ. ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈ ಅಥವಾ ಮಣಿಕಟ್ಟಿನ ಒಳಭಾಗ ಅದ್ದಿ; ಬೆರಳು ಬೇಡ, ಬಿಸಿಪಾತ್ರೆ ಹಿಡಿದು ರೂಢಿಯಾದ ಬೆರಳಿಗೆ ಬಿಸಿ ಗೊತ್ತಾಗುವುದು ತಡವಾಗಿ. ಹಿತವಾದ ಬೆಚ್ಚಗೆ ಅನ್ನಿಸಬೇಕು, ಕೈ ಹಿಂದೆಗೆಯುವಂತಿರಬಾರದು.

5. ಪಾದಗಳನ್ನು ಮೊದಲೇ ಸೋಪು ಹಚ್ಚಿ ತೊಳೆದು, ಆಮೇಲೆ ಇಳಿಸಿ. ಮೇಲೆ ಇನ್ನೊಂದು ಟವೆಲ್ ಮಂಡಿಯಿಂದ ಬೇಸಿನ್ ಅಂಚಿನವರೆಗೆ ಹೊದಿಸಿ. ಬೇಸಿನ್ ನೀರು ಆರುವುದು ಹೆಚ್ಚಾಗಿ ತೆರೆದ ಮೇಲ್ಮೈಯಿಂದ, ಆವಿಯಾಗಿ. ಈ ಹೊದಿಕೆಯೊಂದೇ ಐದಾರು ನಿಮಿಷದ ಬಿಸಿ ಉಳಿಸಿಕೊಡುತ್ತದೆ.

6. ಎಂಟು ಹತ್ತು ನಿಮಿಷಕ್ಕೊಮ್ಮೆ ಬಿಸಿನೀರು ಸೇರಿಸಿ. ಎಷ್ಟು ಎಂದು ಅಂದಾಜಿಗೆ: 6 ಲೀಟರ್ ನೀರನ್ನು 38ರಿಂದ 40 ಡಿಗ್ರಿಗೆ ಏರಿಸಲು 80 ಡಿಗ್ರಿಯ ನೀರು 300 ಮಿಲಿ ಸಾಕು, ಅಂದರೆ ಒಂದು ದೊಡ್ಡ ಲೋಟ. ಪಾದಗಳನ್ನು ಹೊರಗೆ ತೆಗೆದು, ಅಂಚಿನಿಂದ ಸುರಿದು, ಕಲಕಿ, ಮತ್ತೆ ಇಳಿಸಿ. "ಸ್ವಲ್ಪವೇ ತಾನೇ" ಎಂದು ಪಾದ ಒಳಗಿರುವಾಗಲೇ ಸುರಿಯುವುದರಿಂದ ಸುಟ್ಟುಕೊಳ್ಳುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ಅಪಘಾತ.

7. 15–20 ನಿಮಿಷಕ್ಕೆ ಮುಗಿಸಿ. ಹೆಚ್ಚು ಹೊತ್ತು ನೆನೆದರೆ ಚರ್ಮ ಬಿಳಿಚಿ ಮೆತ್ತಗಾಗುತ್ತದೆ, ತನ್ನ ಎಣ್ಣೆಯಂಶ ಕಳೆದುಕೊಳ್ಳುತ್ತದೆ. ಹಿಮ್ಮಡಿ ಉಜ್ಜುವ ಕಲ್ಲು ಬಳಸುವುದಾದರೆ ಹತ್ತು ನಿಮಿಷ ನೆನೆದ ಮೇಲೆ, ಒಂದೇ ದಿಕ್ಕಿನಲ್ಲಿ, ಹಗುರವಾಗಿ.

8. ಬರಿ ಬೆಚ್ಚನೆ ನೀರಿನಿಂದ ಒಮ್ಮೆ ತೊಳೆದು, ಒತ್ತಿ ಒರೆಸಿ. ಬೆರಳ ಸಂದುಗಳಲ್ಲಿ ತೇವ ಉಳಿಯಬಾರದು, ಅಲ್ಲಿಂದಲೇ ಶಿಲೀಂಧ್ರದ ಸೋಂಕು ಶುರು. ಚರ್ಮ ಇನ್ನೂ ನಸುತೇವ ಇರುವಾಗಲೇ ಕ್ರೀಮ್ ಹಚ್ಚಿ, ಬೆರಳ ಸಂದು ಬಿಟ್ಟು. ಹತ್ತಿಯ ಕಾಲುಚೀಲ ಹಾಕಿಕೊಂಡರೆ ಬೆಚ್ಚಗಿನ ಹಿತ ಇನ್ನಷ್ಟು ಹೊತ್ತು ಉಳಿಯುತ್ತದೆ. ಎದ್ದು ನಿಲ್ಲುವಾಗ ನಿಧಾನ. ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ, ಕೆಲವರಿಗೆ ತಲೆ ಸುತ್ತುತ್ತದೆ.

ಇಮ್ಮರ್ಶನ್ ರಾಡ್ ಬಳಸುವವರು ಒಂದು ನಿಯಮವನ್ನು ಮುರಿಯಲೇಬಾರದು: ಉಪ್ಪು ಬೆರೆಸಿದ ನೀರಿಗೆ ರಾಡ್ ಇಳಿಸಬೇಡಿ, ಆರಿದ ನೀರನ್ನು ಮತ್ತೆ ಕಾಯಿಸಲೂ ಬೇಡ. ಉಪ್ಪುನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ರಾಡ್ ಕೂಡ ಬೇಗ ತುಕ್ಕು ಹಿಡಿಯುತ್ತದೆ. ಬರಿ ನೀರು ಕಾಯಿಸಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ರಾಡ್ ತೆಗೆದಿಟ್ಟ ಮೇಲೆ ಉಪ್ಪು. ನೀರು ಚಿಮ್ಮಿಸುವ ವಿದ್ಯುತ್ ಫುಟ್ ಸ್ಪಾ ಇದ್ದರೆ ಅದರ ಕೈಪಿಡಿ ಓದಿ. ಎಷ್ಟೋ ಯಂತ್ರಗಳಿಗೆ ಉಪ್ಪು, ಎಣ್ಣೆ ಎರಡೂ ಆಗದು. ಹರಳು ರಂಧ್ರ ಮುಚ್ಚುತ್ತದೆ, ಎಣ್ಣೆ ಪಂಪಿನೊಳಗೆ ಅಂಟುತ್ತದೆ.

ಕೈಗಳಿಗೆ

ಅಗಲವಾದ ಬಟ್ಟಲು, ಎರಡು ಲೀಟರ್ ನೀರು, 10 ಗ್ರಾಂ ಉಪ್ಪು, 38 ಡಿಗ್ರಿ, ಹತ್ತು ನಿಮಿಷ. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ನೀರೊಳಗೆ ಬೆರಳು ಮಡಿಚಿ ಬಿಡಿಸುತ್ತಿರಿ. ಉಗುರು ಕತ್ತರಿಸುವುದಿದ್ದರೆ ಇದಾದ ಮೇಲೆ ಸುಲಭ, ಬಣ್ಣ ಹಚ್ಚುವುದಿದ್ದರೆ ಮಾತ್ರ ಕಾಯಬೇಕು. ನೆನೆದ ಉಗುರು ನೀರು ಹೀರಿ ಉಬ್ಬಿರುತ್ತದೆ, ಆರಿ ಕುಗ್ಗಿದಾಗ ಬಣ್ಣ ಎದ್ದುಬರುತ್ತದೆ.

ಬಕೆಟ್ ಮತ್ತು ಮಗ್

ಇಲ್ಲಿ ಬಹಳಷ್ಟು ಜನ ಕ್ರಮ ತಪ್ಪುತ್ತಾರೆ. ಎಪ್ಸಮ್ ಅಥವಾ ಮೃತ ಸಮುದ್ರದ ಉಪ್ಪನ್ನು ಬಕೆಟ್ಟಿಗೆ ಹಾಕಿ ಅದೇ ನೀರಿನಲ್ಲಿ ಸೋಪು ಹಚ್ಚಿ ತೊಳೆಯಲು ಹೋದರೆ ನೊರೆಯೇ ಬರುವುದಿಲ್ಲ. ಮೆಗ್ನೀಸಿಯಮ್ ನೀರನ್ನು ಗಡಸು ಮಾಡುತ್ತದೆ, ಸೋಪಿನೊಂದಿಗೆ ಸೇರಿ ಕರಗದ ಬೂದುಬಣ್ಣದ ಜಿಡ್ಡಾಗುತ್ತದೆ. ಆ ಜಿಡ್ಡು ಮೈಮೇಲೂ ಬಕೆಟ್ ಅಂಚಿನಲ್ಲೂ ಕೂರುತ್ತದೆ. ಆಮೇಲೆ ಬೈಗುಳ ಉಪ್ಪಿಗೆ.

ಸರಿಯಾದ ಕ್ರಮ ಹೀಗೆ. ಮಾಮೂಲಿ ನೀರಲ್ಲಿ ಸೋಪು, ತಲೆಸ್ನಾನ ಎಲ್ಲ ಮುಗಿಸಿ ಚೆನ್ನಾಗಿ ತೊಳೆದುಕೊಳ್ಳಿ. ಬೇರೆ ಬಕೆಟ್ಟಿನಲ್ಲಿ 10 ಲೀಟರ್ ಬೆಚ್ಚನೆ ನೀರಿಗೆ 25–30 ಗ್ರಾಂ ಉಪ್ಪು ಕರಗಿಸಿಡಿ. ಕತ್ತಿನ ಹಿಂಭಾಗದಿಂದ ಶುರುಮಾಡಿ ಭುಜ, ಬೆನ್ನು, ಸೊಂಟ ಎಂದು ಒಂದೊಂದು ಮಗ್ ನಿಧಾನವಾಗಿ ಇಳಿಬಿಡಿ. ಎರಚಬೇಡಿ, ತೆಳುವಾದ ಧಾರೆಯಾಗಿ ಸುರಿದರೆ ನೀರು ಮೈಗೆ ಅಂಟಿಕೊಂಡು ಇಳಿಯುತ್ತದೆ, ಬಿಸಿಯೂ ಹೆಚ್ಚು ತಾಗುತ್ತದೆ. ನೀರಿನ ಅರ್ಧ ಮುಗಿದಾಗ ಒಂದೆರಡು ನಿಮಿಷ ನಿಲ್ಲಿ, ಉಳಿದರ್ಧ ಆಮೇಲೆ. ಕೊನೆಗೆ ಎರಡು ಮಗ್ ಬರಿ ನೀರು.

ಮುಖಕ್ಕೆ, ತಲೆಗೆ ಉಪ್ಪುನೀರು ಬೇಡ. ಕಣ್ಣು ಉರಿಯುತ್ತದೆ, ಕೂದಲು ಒರಟಾಗುತ್ತದೆ. ಅದೇ ದಿನ ರೇಜರ್ ಬಳಸಿದ ಜಾಗಕ್ಕೂ ಬೇಡ.

ಪಾದಸ್ನಾನವನ್ನೂ ಇದಕ್ಕೆ ಜೋಡಿಸಬಹುದು. ಸ್ಟೂಲಿನ ಮೇಲೆ ಕೂತು ಎರಡೂ ಪಾದ ಬಿಸಿ ಉಪ್ಪುನೀರಿನ ಬೇಸಿನ್ನಿನಲ್ಲಿಟ್ಟು, ಮೇಲಿನಿಂದ ಮಗ್ ನೀರು ಸುರಿದುಕೊಳ್ಳುವುದು. ಬೇಸಿನ್ ನೀರು ತಾನಾಗಿಯೇ ಬಿಸಿಯಾಗಿ ಉಳಿಯುತ್ತದೆ. ಬಾತ್‌ಟಬ್ಬಿನ ಅನುಭವಕ್ಕೆ ಅತಿ ಹತ್ತಿರ ಬರುವುದು ಇದೇ ಎಂದು ನಮಗೆ ಅನ್ನಿಸುತ್ತದೆ. ಸ್ಟೂಲಿನ ಕಾಲುಗಳಿಗೆ ರಬ್ಬರ್ ಬುಡ ಇರಲಿ.

ಶವರ್ ಮಾತ್ರ ಇದ್ದರೆ

ಉಪ್ಪನ್ನು ತೆಳು ಬಟ್ಟೆಯ ಗಂಟು ಕಟ್ಟಿ ಶವರ್ ತಲೆಗೆ ನೇತುಹಾಕುವ ಉಪಾಯ ಎಲ್ಲೆಡೆ ಕಾಣಸಿಗುತ್ತದೆ. ಲೆಕ್ಕ ಹಾಕಿ ನೋಡಿ: ಶವರಿನಿಂದ ನಿಮಿಷಕ್ಕೆ 8–10 ಲೀಟರ್ ನೀರು ಬರುತ್ತದೆ. ಐದು ನಿಮಿಷದಲ್ಲಿ 40–50 ಲೀಟರ್. ಗಂಟಿನಲ್ಲಿರುವ 100 ಗ್ರಾಂ ಎಪ್ಸಮ್ ಮೊದಲ ಕೆಲವು ನಿಮಿಷಗಳಲ್ಲೇ ಕರಗಿ, ಮೈಗೆ ತಾಗಿ ಕ್ಷಣದಲ್ಲಿ ಮೋರಿ ಸೇರುತ್ತದೆ. ಸುವಾಸನೆ ಸಿಗುತ್ತದೆ, ಅಷ್ಟೇ. ಜೊತೆಗೆ ಶವರಿನ ಲೋಹದ ಭಾಗಕ್ಕೆ ಉಪ್ಪು ಹತ್ತಿ ಕಲೆ.

ಇದಕ್ಕಿಂತ ಒಳ್ಳೆಯದು: ಎರಡು ಲೀಟರಿನ ಜಗ್ಗಿನಲ್ಲಿ ಬೆಚ್ಚನೆ ನೀರಿಗೆ 10 ಗ್ರಾಂ ಉಪ್ಪು ಕರಗಿಸಿಟ್ಟುಕೊಳ್ಳಿ. ಸೋಪು ತೊಳೆದಾದ ಮೇಲೆ ಶವರ್ ನಿಲ್ಲಿಸಿ, ಜಗ್ಗಿನ ನೀರನ್ನು ಭುಜದಿಂದ ನಿಧಾನವಾಗಿ ಸುರಿದುಕೊಳ್ಳಿ, ಎರಡು ನಿಮಿಷ ಬಿಡಿ, ಶವರ್ ತಿರುಗಿಸಿ ತೊಳೆಯಿರಿ. ಚಳಿ ಅನ್ನಿಸಿದರೆ ಬಾಗಿಲು ಮುಚ್ಚಿ ಮೊದಲೇ ಬಿಸಿನೀರು ಹರಿಸಿ ಕೋಣೆ ಬೆಚ್ಚಗೆ ಮಾಡಿಕೊಳ್ಳಬೇಕು.

ಸುವಾಸನೆಯೇ ಮುಖ್ಯವಾದರೆ ನೀರು ತಾಗಿದಾಗ ನೊರೆಯೇಳುವ ಬಿಲ್ಲೆ ಮಾಡಿಕೊಳ್ಳಿ. ಅಡುಗೆ ಸೋಡಾ 150 ಗ್ರಾಂ, ಸಿಟ್ರಿಕ್ ಆಮ್ಲ 75 ಗ್ರಾಂ, ನೀಲಗಿರಿ ಎಣ್ಣೆ 20 ಹನಿ. ಸ್ಪ್ರೇ ಬಾಟಲಿಯಿಂದ ಎರಡು ಮೂರು ಬಾರಿ ನೀರು ಸಿಂಪಡಿಸಿ, ಮುಷ್ಟಿ ಕಟ್ಟಿದರೆ ನಿಲ್ಲುವ ಹದಕ್ಕೆ ತಂದು, ಅಚ್ಚಿನಲ್ಲಿ ಗಟ್ಟಿಯಾಗಿ ಒತ್ತಿ ಒಂದು ದಿನ ಒಣಗಿಸಿ. ನೀರು ಒಂದಿಷ್ಟು ಹೆಚ್ಚಾದರೂ ಬಟ್ಟಲಲ್ಲೇ ಬುಸ್ಸೆಂದು ಉಬ್ಬಿ ಕೆಲಸ ಕೆಡುತ್ತದೆ. ಬಿಲ್ಲೆಯನ್ನು ನೀರು ಸಿಡಿಯುವ ಮೂಲೆಯಲ್ಲಿಡಿ, ಧಾರೆಯ ನೇರ ಕೆಳಗಲ್ಲ, ಕಾಲು ತುಳಿಯುವಲ್ಲೂ ಅಲ್ಲ. ಅಮೃತಶಿಲೆಯ ನೆಲವಿದ್ದರೆ ತಟ್ಟೆಯಲ್ಲಿಡಿ, ಆಮ್ಲ ಹೊಳಪು ತಿನ್ನುತ್ತದೆ. ಎಳೆಮಕ್ಕಳಿರುವ ಸ್ನಾನದ ಕೋಣೆಯಲ್ಲಿ ನೀಲಗಿರಿ, ಪುದೀನ, ಕರ್ಪೂರದ ಘಾಟು ಬೇಡ, ಅವರಿಗೆ ಉಸಿರಾಟದ ತೊಂದರೆಯಾಗಬಹುದು.

ಉಪ್ಪು ಆವಿಯ ಜೊತೆ ಮೇಲೆ ಬರುವುದಿಲ್ಲ ಎಂಬುದೂ ನೆನಪಿರಲಿ. ಬಿಸಿ ಉಪ್ಪುನೀರಿನ ಪಾತ್ರೆಯ ಮೇಲೆ ಮುಖವಿಟ್ಟರೆ ಸಿಗುವುದು ನೀರಾವಿ ಮಾತ್ರ.

ಉಪ್ಪಿನಿಂದ ಮೈ ಉಜ್ಜುವುದು

ನುಣ್ಣಗಿನ ಉಪ್ಪು 100 ಗ್ರಾಂ, ಬಾದಾಮಿ ಅಥವಾ ಎಳ್ಳೆಣ್ಣೆ 50 ಮಿಲಿ. ಒದ್ದೆ ಮರಳಿನ ಹದಕ್ಕೆ ಬರಬೇಕು. ಮೇಲೆ ಎಣ್ಣೆ ತೇಲಿದರೆ ಉಪ್ಪು ಸೇರಿಸಿ. ದಪ್ಪ ಹರಳಿನ ಚೂಪು ಅಂಚು ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರು ಮಾಡುತ್ತದೆ, ಆಮೇಲೆ ಆ ಗೀರಿಗೇ ಉಪ್ಪು ಉರಿಯುತ್ತದೆ. ಹಾಗಾಗಿ ಎಪ್ಸಮ್ ಆಗಲಿ ಕಲ್ಲುಪ್ಪಾಗಲಿ ಮೊದಲು ಮಿಕ್ಸಿಯಲ್ಲಿ ಪುಡಿಮಾಡಿ.

ಒದ್ದೆ ಮೈಮೇಲೆ, ಶವರ್ ನಿಲ್ಲಿಸಿ, ಅಂಗೈಯಿಂದ ಸುತ್ತು ಸುತ್ತಾಗಿ, ಒಂದು ಜಾಗಕ್ಕೆ ಅರ್ಧ ನಿಮಿಷ. ಮೊಣಕೈ, ಮಂಡಿ, ಹಿಮ್ಮಡಿಗೆ ಸ್ವಲ್ಪ ಒತ್ತು ಕೊಡಬಹುದು. ಎದೆ, ಹೊಟ್ಟೆಗೆ ತೀರ ಹಗುರ. ಮುಖಕ್ಕೆ ಬೇಡವೇ ಬೇಡ. ವಾರಕ್ಕೊಮ್ಮೆ ಸಾಕು. ಡಬ್ಬಿಗೆ ಒಣ ಚಮಚವನ್ನೇ ಹಾಕಿ. ಒದ್ದೆ ಕೈ ಹಾಕಿದರೆ ಉಪ್ಪು ಕರಗಿ ತಳದಲ್ಲಿ ಗಟ್ಟಿ ಕಟ್ಟುತ್ತದೆ, ಮೇಲೆ ಎಣ್ಣೆ ಉಳಿಯುತ್ತದೆ. ಮುಗಿದ ಕೂಡಲೇ ನೆಲವನ್ನು ಪಾತ್ರೆ ತೊಳೆಯುವ ದ್ರವ ಹಾಕಿ ಉಜ್ಜಿ, ಮುಂದೆ ಬರುವವರು ಜಾರಿ ಬೀಳುತ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಯಲ್ಲಿ ಪೈಪಿನೊಳಗೇ ಕೂತು ನೀರು ಕಟ್ಟಿಕೊಳ್ಳಬಹುದು.

ಬೆನ್ನು, ಕತ್ತು, ಭುಜಕ್ಕೆ ಬಿಸಿ ಬಟ್ಟೆ

ಬೇಸಿನ್ ತಲುಪದ ಜಾಗಗಳಿಗೆ ಇದು. ಒಂದು ಲೀಟರ್ ನೀರು 45 ಡಿಗ್ರಿ, ಒಂದು ಟೇಬಲ್ ಚಮಚ ಉಪ್ಪು, ಎರಡು ಸಣ್ಣ ಟವೆಲ್. ಒಂದನ್ನು ಅದ್ದಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ, ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ ಹಾಕಿಕೊಳ್ಳಿ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೊಂದು ಒಣ ಟವೆಲ್. ಆರಿದಾಗ ಎರಡನೆಯದು. ಒಟ್ಟು ಹತ್ತು ಹದಿನೈದು ನಿಮಿಷ. ಸರಿಯಾಗಿ ಹಿಂಡದ ಬಟ್ಟೆಯೇ ಇಲ್ಲಿ ತೊಂದರೆ ಕೊಡುವುದು: ಬಿಸಿನೀರು ಇಳಿದು ಬೇಡದ ಕಡೆ ಸುಡುತ್ತದೆ, ಹಾಸಿಗೆಯೂ ಒದ್ದೆ. ಉಳುಕಿ ಊದಿಕೊಂಡ ಜಾಗಕ್ಕೆ ಮೊದಲ ಎರಡು ದಿನ ಬಿಸಿ ತಾಗಿಸಬೇಡಿ, ಊತ ಹೆಚ್ಚುತ್ತದೆ.

ಸುಗಂಧ ತೈಲ ಎಡವುವುದು ಎಲ್ಲಿ

ತೈಲವನ್ನು ಉಪ್ಪಿಗೆ ಬೆರೆಸಿದರೆ ಅದು ನೀರಿನಲ್ಲಿ ಕರಗುತ್ತದೆ ಎಂಬ ನಂಬಿಕೆ ವ್ಯಾಪಕ. ಉಪ್ಪು ಕರಗುತ್ತದೆ, ತೈಲ ಬಿಟ್ಟುಕೊಂಡು ನೀರಿನ ಮೇಲೆ ತೇಲುತ್ತದೆ. ಪಾದ ಇಳಿಸಿದಾಗ ಆ ಗಾಢ ತೈಲ ನೇರವಾಗಿ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ಹರಡಿನ ಸುತ್ತ ನೀರಿನ ಮಟ್ಟದಲ್ಲೇ ಕೆಂಪು ಗೆರೆ ಎದ್ದರೆ ಕಾರಣ ಇದೇ. 6–8 ಲೀಟರಿಗೆ ಮೂರು ಹನಿ ಸಾಕು, ಅದನ್ನೂ ಒಂದು ಸಣ್ಣ ಚಮಚ ವಾಸನೆಯಿಲ್ಲದ ಬಾಡಿ ವಾಶ್‌ನಲ್ಲಿ ಮೊದಲು ಚೆನ್ನಾಗಿ ಕಲಸಿ ಆಮೇಲೆ ನೀರಿಗೆ. ಹಾಲಿನಲ್ಲಿ ಬೆರೆಸಿದರೂ ಆದೀತು ಎನ್ನುವವರಿದ್ದಾರೆ. ಅದು ತೈಲವನ್ನು ಸರಿಯಾಗಿ ಹಿಡಿಯುವುದಿಲ್ಲ. ಲ್ಯಾವೆಂಡರ್ ಸೌಮ್ಯ. ದಾಲ್ಚಿನ್ನಿ, ಲವಂಗದ ತೈಲ ಚರ್ಮ ಸುಡುತ್ತವೆ, ಅವು ಬೇಡ. ಒತ್ತಿ ತೆಗೆದ ನಿಂಬೆ, ಬರ್ಗಮಾಟ್ ತೈಲ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಕಪ್ಪು ಕಲೆ, ಗುಳ್ಳೆ ಏಳಬಹುದು. ರಾತ್ರಿಗೂ ಅವನ್ನು ಆರಿಸದಿರುವುದೇ ಸರಿ.

ಅಂಗಡಿಯ ಮಿಶ್ರಣಕ್ಕೆ ಬದಲು ಮನೆಯಲ್ಲೇ ಮಾಡಲು: ಎಪ್ಸಮ್ 300 ಗ್ರಾಂ, ಸಮುದ್ರದ ಉಪ್ಪು 120 ಗ್ರಾಂ, ಅಡುಗೆ ಸೋಡಾ 80 ಗ್ರಾಂ. ಒಟ್ಟು ಅರ್ಧ ಕಿಲೋ, ಪಾದಸ್ನಾನಕ್ಕೆ ಆರು ಬಾರಿಗೆ ಬರುತ್ತದೆ. ತೈಲವನ್ನು ಡಬ್ಬಿಗೆ ಹಾಕದೆ ಬಳಸುವಾಗಲೇ ಸೇರಿಸಿ.

ಯಾರಿಗೆ ಬೇಡ

ಮಧುಮೇಹ ಇದ್ದವರು, ಅದರಲ್ಲೂ ಪಾದ ಜೋಮು ಹಿಡಿಯುವವರು, ವೈದ್ಯರು ಒಪ್ಪದೆ ಪಾದ ನೆನೆಸಬಾರದು. ಬಿಸಿ ಗೊತ್ತಾಗದೆ ಸುಟ್ಟುಕೊಳ್ಳುತ್ತಾರೆ, ನೆನೆದ ಚರ್ಮ ಬಿರಿದು ಗಾಯವಾಗುತ್ತದೆ, ಆ ಗಾಯ ಮಾಯುವುದು ಕಷ್ಟ. ತೆರೆದ ಗಾಯ, ಕೆರಳಿದ ಎಕ್ಸಿಮಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ, ಹೃದಯದ ತೊಂದರೆ, ಬಸುರಿ ಇವರೂ ಮೊದಲು ಕೇಳಿಕೊಳ್ಳಲಿ. ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ ಬಿಸಿನೀರು ಬೇಡ, ಆಸ್ಪತ್ರೆ ಬೇಕು. ಎಪ್ಸಮ್ ಸಾಲ್ಟ್ ನುಂಗಿದರೆ ಭೇದಿಯಾಗುತ್ತದೆ, ಹೆಚ್ಚಾದರೆ ರಕ್ತದಲ್ಲಿ ಮೆಗ್ನೀಸಿಯಮ್ ಅಪಾಯದ ಮಟ್ಟಕ್ಕೇರುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಆ ಅಪಾಯ ಇನ್ನೂ ಹೆಚ್ಚು. ಮಕ್ಕಳ ಕೈಗೆ, ಸಾಕುನಾಯಿಯ ಬಾಯಿಗೆ ಸಿಗದಂತಿಡಿ.

ಉಳಿದ ನೀರು, ಉಳಿದ ಉಪ್ಪು

ಬಳಸಿದ ನೀರನ್ನು ಗಿಡಗಳಿಗೆ ಸುರಿಯಬೇಡಿ. ಸೋಡಿಯಮ್ ಮಣ್ಣಿನಲ್ಲಿ ಉಳಿದು ಬೇರು ನೀರು ಹೀರುವುದನ್ನು ತಡೆಯುತ್ತದೆ. ಮೋರಿಗೆ ಸುರಿದು ಹಿಂದೆಯೇ ಒಂದೆರಡು ಮಗ್ ಬರಿ ನೀರು ಬಿಡಿ. ಬೇಸಿನ್ ಸ್ಟೀಲಿನದ್ದಾದರೆ ಕೂಡಲೇ ತೊಳೆದು ಒರೆಸಿ, ಸೋಡಿಯಮ್ ಕ್ಲೋರೈಡ್ ಸ್ಟೀಲಿನಲ್ಲೂ ಸಣ್ಣ ಸಣ್ಣ ಕುಳಿ ತೋಡುತ್ತದೆ.

ಉಪ್ಪನ್ನು ಬಿಗಿ ಮುಚ್ಚಳದ ಗಾಜಿನ ಜಾಡಿಯಲ್ಲಿ, ಸ್ನಾನದ ಕೋಣೆಯ ಹೊರಗೆ ಇಡಿ. ಗಡ್ಡೆಕಟ್ಟಿದ್ದರೆ ಕುಟ್ಟಿ ಬಳಸಬಹುದು, ಕೆಟ್ಟಿಲ್ಲ. ಎಪ್ಸಮ್ ತೇವವಾಯಿತೆಂದು ಓವನ್ನಿನಲ್ಲಿ ಒಣಗಿಸಲು ಹೋಗಬೇಡಿ, ಹರಳಿನೊಳಗಿನ ನೀರೇ ಹೊರಬಂದು ಇನ್ನಷ್ಟು ಒದ್ದೆಯಾಗುತ್ತದೆ. ಒಣಹವೆಯಲ್ಲಿ ಅದರ ಮೇಲೆ ಬಿಳಿ ಪುಡಿ ಕಟ್ಟಿಕೊಂಡರೆ ಹೆದರಬೇಡಿ: ಹರಳು ಸ್ವಲ್ಪ ನೀರು ಬಿಟ್ಟಿದೆ, ಅಷ್ಟೇ. ಸಿಟ್ರಿಕ್ ಆಮ್ಲ ಮತ್ತು ಸೋಡಾ ಸೇರಿದ ಮಿಶ್ರಣವನ್ನು ಮಾತ್ರ ಬಿಗಿ ಜಾಡಿಯಲ್ಲಿ ತುಂಬುವ ಮುಂಚೆ ಪೂರ್ತಿ ಒಣಗಿದೆಯೇ ನೋಡಿ. ಒಳಗೆ ತೇವವಿದ್ದರೆ ಅನಿಲ ಹುಟ್ಟಿ ಮುಚ್ಚಳ ಹಾರುತ್ತದೆ, ಗಾಜು ಒಡೆಯಲೂಬಹುದು.